ಕನಸು ದಾಟಿಸುವ ಕನೆಕ್ಟರ್

ನಾನು ಮಾಡಿದ ಕನೆಕ್ಟರಿನೊಳಗಿಂದ ಒಮ್ಮೆ ಹುಣ್ಣಿಮೆಯ ಚಂದ್ರನನ್ನೇ ಇಳಕಲ್ಲಿನಿಂದ ಹುನಗುಂದಕ್ಕೆ ದಾಟಿಸಿದ್ದೇನೆ. ಈ ತುದಿಗೆ ಬೆಳದಿಂಗಳನ್ನು ಹಚ್ಚಿ ನಟ್ಟು ತಿರುಗಿಸಿದೆ, ಅಷ್ಟೆ. ಆ ತುದಿಯಲ್ಲಿ ಹುನಗುಂದದ ಜನ ಎರಡೆರಡು ಚಂದ್ರರನ್ನು ಕಂಡು ಎರಡೆರಡು ಸಲ ಹೋಳಿಗೆ ಉಂಡರು. ಇಳಕಲ್ಲೆಲ್ಲ ಕತ್ತಲಾಯಿತೆಂದು ಪುರಸಭೆಯವರು ನನ್ನ ಮನೆಗೆ ಬಂದು ಕೈಮುಗಿದ ಮೇಲೆಯೇ ನಾನು ಅದನ್ನು ಬಿಚ್ಚಿದ್ದು. ಬಿಚ್ಚುವಾಗ ಒಂದೆರಡು ಹನಿ ಬೆಳದಿಂಗಳು ನನ್ನ ಅಂಗಿಯ ತೋಳಿನ ಮೇಲೆ ಬಿದ್ದಿತ್ತು. ಎಷ್ಟು ಒಗೆದರೂ ಕಲೆ ಹೋಗಲಿಲ್ಲ.

ಇಂಥ ಕೈಯ ಒಡೆಯ ನಾನು, ರಾಚಪ್ಪ ಬಣಗಾರ. ಎತ್ತರ ಎಷ್ಟೆಂದರೆ, ಯಾವ ಬಾಗಿಲನ್ನೂ ಬಗ್ಗದೆ ದಾಟಿದ ನೆನಪು ನನಗಿಲ್ಲ. ತಲೆಗೂದಲು ಎಷ್ಟೆಂದರೆ, ನನ್ನ ಸರದಿ ಬಂದಾಗ ಕ್ಷೌರದವನು ಬೇರೆ ಗಿರಾಕಿಗಳನ್ನು ಮರುದಿನ ಬರಹೇಳುತ್ತಿದ್ದ. ಇವೆಲ್ಲ ಕಥೆಗೆ ಬೇಕಾದ ವಿವರಗಳು. ಓದುಗರು ನೆನಪಿಟ್ಟುಕೊಳ್ಳಬೇಕು.

ಆಗ ಕನಸಿನ ತಂತಿ ಬಂದು ಕೆಲವು ವರ್ಷಗಳಾಗಿದ್ದವು. ಇಬ್ಬರು ಅಕ್ಕಪಕ್ಕದ ಮಂಚಗಳ ಮೇಲೆ ಮಲಗುವುದು, ಇಬ್ಬರ ತಲೆಗೂ ಜರಡಿಯಂಥ ತೆಳ್ಳನೆಯ ಟೊಪ್ಪಿಗೆ, ನಡುವೆ ತಂತಿ. ಒಬ್ಬರು ಕಂಡ ಕನಸು ಇನ್ನೊಬ್ಬರಿಗೂ ಕಾಣುತ್ತಿತ್ತು. ನಮ್ಮ ಕೇಂದ್ರ ಇದ್ದದ್ದು ಊರ ಹೊರಗೆ, ಕೆಂಪು ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಯ ಹೊಟ್ಟೆಯಲ್ಲಿ. ಸುತ್ತ ಅಷ್ಟು ದಪ್ಪ ಗ್ರಾನೈಟ್ ಇದ್ದುದರಿಂದ ಹೊರಗಿನ ಮೊಬೈಲು, ರೇಡಿಯೊಗಳ ಗದ್ದಲ ಒಳಗೆ ಇಳಿಯುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತು ಖಣಿಯ ಬಾಯಿಂದ ಬಿಸಿಲು ಜಾರಿ ಬಂದು ಕಲ್ಲಿನ ಮೈಯೆಲ್ಲ ಬಿಡಿಸಿದ ದಾಳಿಂಬೆಯ ಬಣ್ಣವಾಗುತ್ತಿತ್ತು. ಅಲ್ಲಿ ಮಲಗಿದವರಿಗೆ ನಿದ್ದೆ ಮೊದಲು ಬಂತೋ ಕನಸು ಮೊದಲು ಬಂತೋ ಹೇಳುವುದು ಕಷ್ಟ.

ಜನ ಇದಕ್ಕೂ ಒಗ್ಗಿಕೊಂಡರು. ಅಮೀನಗಡದ ಬಸ್ ಕಂಡಕ್ಟರನೊಬ್ಬ ತನ್ನ ಹೆಂಡತಿಗೆ ಖಾಲಿ ಬಸ್ಸಿನ ಕನಸು ಕಳಿಸಿ, ಕಿಟಕಿಯ ಪಕ್ಕ ಕೂರಿಸಿಕೊಂಡು ಸಮುದ್ರದ ತನಕ ಕರೆದೊಯ್ದು ಬಂದ. ಮಾತು ಬಿಟ್ಟಿದ್ದ ಅಣ್ಣ ತಮ್ಮ ಇಬ್ಬರು ಸತ್ತ ತಂದೆಯನ್ನು ಒಟ್ಟಿಗೆ ಕಾಣಬೇಕೆಂದು ಒಂದೇ ಆಟೋದಲ್ಲಿ ಬಂದರು. ಆದರೆ ಎಲ್ಲರದೂ ಒಂದೇ ದೂರು. ದಾಟಿ ಬಂದ ಕನಸಿನಲ್ಲಿ ಯಾರಿಗೂ ಮುಖ ಇರುತ್ತಿರಲಿಲ್ಲ. ಗುಡ್ಡ ಬರುತ್ತಿತ್ತು, ಆಕಾಶ ಬರುತ್ತಿತ್ತು, ಉಟ್ಟ ಸೀರೆಯ ಬಣ್ಣ ಬರುತ್ತಿತ್ತು. ಮುಖ ಮಾತ್ರ ಒದ್ದೆ ಬಟ್ಟೆಯಿಂದ ಒರೆಸಿದ ಪಾಟಿಯ ಹಾಗೆ. ನಡಿಗೆ ನೋಡಿ, ಭುಜ ನೋಡಿ ಗುರುತು ಹಿಡಿಯುವುದನ್ನು ಜನ ಕಲಿತರು. ಅಣ್ಣ ತಮ್ಮ ಮಾತ್ರ ಕನಸಿಗೆ ಬಂದದ್ದು ಅಪ್ಪನೋ ಸೋದರಮಾವನೋ ಎಂದು ಜಗಳವಾಡಿ ಎರಡು ಆಟೋಗಳಲ್ಲಿ ಮನೆಗೆ ಹೋದರು.

ತಪ್ಪು ಇದ್ದದ್ದು ಕನೆಕ್ಟರಿನಲ್ಲಿ. ಟೊಪ್ಪಿಗೆ ಆಯಾ ತಲೆಗೆ ಹೊಂದಿಸಿ ಮಾಡಿದ್ದು, ಅದರ ತಂತಿ ಅದರೊಡನೆಯೇ ಹುಟ್ಟಿದ್ದು. ಹಾಗಾಗಿ ಎರಡು ತಂತಿಗಳನ್ನು ನಡುವೆ ಎಲ್ಲಾದರೂ ಕನೆಕ್ಟರಿನಿಂದ ಕೂಡಿಸಲೇಬೇಕು. ಕನಸಿನ ದೊಡ್ಡ ದೊಡ್ಡ ಆಕಾರಗಳು ಉದ್ದನೆಯ, ನಿಧಾನದ ಅಲೆಗಳಾಗಿ ಹರಿಯುತ್ತವೆ. ಸಣ್ಣ ವಿವರಗಳು, ಅಂದರೆ ರೆಪ್ಪೆ, ತುಟಿಯ ಮೂಲೆ, ಗದ್ದದ ಗುಳಿ, ಬಹಳ ವೇಗವಾಗಿ ಕಂಪಿಸುವ ಪುಟ್ಟ ಅಲೆಗಳಾಗಿ ಹರಿಯುತ್ತವೆ. ಕೂಡಿಸಿದ ಜಾಗದಲ್ಲಿ ಕೂದಲೆಳೆಯಷ್ಟು ಸಂದು ಇದ್ದರೂ ಉದ್ದನೆಯ ಅಲೆಗೆ ಅದು ತಿಳಿಯುವುದೇ ಇಲ್ಲ. ಪುಟ್ಟ ಅಲೆಗೆ ಅದೇ ಸಂದು ಬಾವಿ. ಅದು ಅಂಚಿನಲ್ಲಿ ನಿಂತು, ಹೆದರಿ, ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಹೀಗೆ ಹಿಂದಿರುಗಿದ ಮುಖಗಳೆಲ್ಲ ತಂತಿಯೊಳಗೆ ಅತ್ತಿಂದಿತ್ತ ಓಡಾಡಿ ಸುಸ್ತಾಗಿ ಬಿಸಿಯಾಗಿ ಕರಗಿಹೋಗುತ್ತಿದ್ದವು. ನಾನು ಕಿವಿಯಿಟ್ಟು ಕೇಳಿದ್ದೇನೆ, ಅವು ನಿಟ್ಟುಸಿರು ಬಿಡುತ್ತಿದ್ದವು.

ಆ ಬಾವಿಯನ್ನು ಮುಚ್ಚುವುದು ನನ್ನ ಕೆಲಸ. ಅದನ್ನು ನಾನು ಕೆಲಸವೆಂದು ಮಾಡುತ್ತಿರಲಿಲ್ಲ. ನನ್ನ ಹೆಂಡತಿ ದಾನಮ್ಮ ನಮ್ಮ ಮಗಳ ಮುಖವನ್ನು ನೋಡಿಯೇ ಇರಲಿಲ್ಲ.

ಬನಶ್ರೀ ಹುಟ್ಟಿದ ದಿನವೇ ದಾನಮ್ಮನಿಗೆ ಜ್ವರ ಏರಿ, ಇಳಿಯುವಾಗ ಕಣ್ಣನ್ನು ತೆಗೆದುಕೊಂಡು ಹೋಗಿತ್ತು. ಈಗ ಬನಿಗೆ ನಾಲ್ಕು ವರ್ಷ. ದಾನಮ್ಮ ಮಗ್ಗದ ಮನೆಯಲ್ಲೇ ಬೆಳೆದವಳು. ಕಣ್ಣು ಹೋದ ಮೇಲೂ ಒಂದು ಕೆಲಸವನ್ನು ಬಿಡಲಿಲ್ಲ. ನಮ್ಮ ಸೀರೆಗೆ ಮೈಯ ಹಾಸು, ಅಂದರೆ ಮಗ್ಗದ ಉದ್ದನೆಯ ಎಳೆಗಳು, ನೂಲಿನದು, ಸೆರಗಿನ ಹಾಸು ಕೆಂಪು ರೇಷ್ಮೆಯದು, ಎರಡೂ ಬೇರೆ ಬೇರೆ. ನೇಯುವ ಮೊದಲು ಅವೆರಡನ್ನೂ ಎಳೆಗೆ ಎಳೆ ಸೇರಿಸಬೇಕು. ಅದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಊರಿನಲ್ಲಿ ಕಣ್ಣಿದ್ದವರೂ ಅದನ್ನು ಬೆರಳಿನಿಂದಲೇ ಮಾಡುತ್ತಾರೆ. ಅವಳು ಕಿಟಕಿಯ ಕೆಳಗೆ ಕೂತು ಕೊಂಡಿ ಹಾಕುತ್ತಿದ್ದರೆ ಬನಿ ಪಕ್ಕದಲ್ಲಿ ಎಳೆಗಳಿಗೆ ಹೆಸರಿಡುತ್ತಿತ್ತು.

ಮಗಳ ಮುಖವನ್ನು ಅವಳು ಬೆರಳಿನಿಂದ ಓದುತ್ತಿದ್ದಳು, ನಿಜ. ಆದರೆ ಒಮ್ಮೆ ಹೇಳಿದಳು:

"ಬೆರಳು ತುಂಡ ತುಂಡ ಹೇಳತಾವ ರೀ. ಮೂಗು ಬ್ಯಾರೆ, ಗಲ್ಲ ಬ್ಯಾರೆ. ಒಮ್ಮೆ ಇಡೀ ಮಾರಿ ನೋಡಬೇಕು ನಾ, ಒಂದ ಸಲಕ್ಕ."

ಕನಸಿನಲ್ಲಿ ಅವಳಿಗೆ ಇನ್ನೂ ಕಣ್ಣಿತ್ತು. ಆದರೆ ಕಣ್ಣು ಹೋದವರ ಕನಸು ಬರಬರುತ್ತ ಮಾಸುತ್ತದೆ ಎಂದು ವೈದ್ಯರು ಮೊದಲೇ ಹೇಳಿದ್ದರು. ಆ ಯುಗಾದಿಯ ಹೊತ್ತಿಗೆ ಅವಳ ಕನಸಿನಿಂದ ಹಳದಿ ಹೋಯಿತು. ಸೀಗಿ ಹುಣ್ಣಿಮೆಯ ಹೊತ್ತಿಗೆ, ತಾನು ಹುಟ್ಟಿದಾಗಿನಿಂದ ಕೈಯಲ್ಲಿ ಹಿಡಿದ ಸೆರಗಿನ ಕೆಂಪು ಹೋಯಿತು. ಒಂದು ಬೆಳಿಗ್ಗೆ ಎದ್ದು, ಇವತ್ತು ಸೀರೆಗೆ ಸೆರಗೇ ಇರಲಿಲ್ಲ ಎಂದು ಮೆಲ್ಲಗೆ ಹೇಳಿ ಚಹಾಕ್ಕೆ ನೀರಿಟ್ಟಳು. ನಾನು ಎದೆ ತಟ್ಟಿಕೊಂಡೆ. ನಿನ್ನ ಕನಸು ಆರುವ ಮೊದಲು ನಾನು ಮಗಳನ್ನು ಕನಸಿನಲ್ಲಿ ಕಂಡು, ಬೇಕಾದರೆ ಇಡೀ ಓಣಿಯ ಜೊತೆಗೆ, ತಂತಿಯಲ್ಲಿ ಕಳಿಸುತ್ತೇನೆ ಎಂದೆ. ನಿದ್ದೆಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ನಾನು ಮಲಗಿದರೆ ಪಕ್ಕದ ಮನೆಯವರಿಗೂ ಆಕಳಿಕೆ ಬರುತ್ತಿತ್ತು.

ದಿನವೂ ಸಂಜೆ ಅವಳು ಕೇಳುತ್ತಿದ್ದಳು, ಇವತ್ತು ಮಗಳು ಹೇಗೆ ಕಂಡಳು ಎಂದು. ನಾನು ಹೇಳುತ್ತಿದ್ದೆ: ಕಣ್ಣು ಹಿತ್ತಾಳೆಯ ಬಟ್ಟಲಿನಷ್ಟು, ನಕ್ಕರೆ ಗೋಡೆಯ ಮೇಲೆ ಬೆಳಕು ಬೀಳುತ್ತದೆ, ಓಣಿಯ ದನಗಳು ನಿಂತು ನೋಡುತ್ತವೆ. ದಾನಮ್ಮ ನಕ್ಕು, ಮೊನ್ನೆ ಮೀನಿನಂಥ ಕಣ್ಣು ಅಂದಿದ್ದಿರಿ, ರಾತ್ರೋರಾತ್ರಿ ಬಟ್ಟಲಾದವೇ ಎನ್ನುತ್ತಿದ್ದಳು. ನನ್ನ ಅವ್ವ ಒಳಗಿನಿಂದ ಗದರುತ್ತಿದ್ದಳು. ಕೂಸಿನ ಚೆಲುವನ್ನು ಹೀಗೆ ಬಾಯಿಬಿಟ್ಟು ಹೊಗಳಬಾರದು, ದೃಷ್ಟಿಯಾಗುತ್ತದೆ. "ಹಡದವರ ಕಣ್ಣ ಮೊದ್ಲ ತಾಗತಾವ," ಅನ್ನುವಳು. ದಿನಾ ಬೆಳಿಗ್ಗೆ ಬನಿಯ ಎಡಗೆನ್ನೆಯ ಮೇಲೆ ಕಾಡಿಗೆಯಿಂದ ಒಂದು ಬೊಟ್ಟು ಇಡುವಳು. ನೋಡುವವರ ಕಣ್ಣು ಮೊದಲು ಆ ಬೊಟ್ಟಿಗೆ ಹೋಗಿ ಅಲ್ಲೇ ನಿಲ್ಲಲಿ, ಮುಖಕ್ಕೆ ತಾಗದಿರಲಿ ಎಂದು. ಬೊಟ್ಟು ಇಡುವ ಮನೆಗಳಲ್ಲೆಲ್ಲ ಅದನ್ನು ಅದಕ್ಕೇ ಇಡುವುದು.

ಮೊದಲ ಸಲ ಹಳೆಯ ಕನೆಕ್ಟರಿನಲ್ಲೇ ನೋಡಿದೆವು. ನಾನು ಮಲಗಿದೆ, ದಾನಮ್ಮ ಪಕ್ಕದ ಮಂಚದಲ್ಲಿ. ನಮ್ಮ ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಮೆಹರುನ್ನೀಸಾ ಬಾಗವಾನ ಗಾಜಿನಾಚೆ ಪರದೆಯ ಮುಂದೆ ಕೂತಿದ್ದರು. ಮುಧೋಳದವರು, ಮಾತು ಕಡಿಮೆ. ಎದ್ದ ಮೇಲೆ ದಾನಮ್ಮ ಹೇಳಿದಳು: ಅಂಗಳ ಕಂಡಿತು, ಹಸಿರು ಫ್ರಾಕ್ ತೊಟ್ಟ ಹುಡುಗಿ ಓಡುತ್ತ ಬಂತು, ಕೆನ್ನೆಯ ಮೇಲೆ ಶಾಯಿ ಚೆಲ್ಲಿದ ಹಾಗೆ ಏನೋ ಕಪ್ಪು, ಮುಖವೆಲ್ಲ ಮಂಜು. ಪರದೆಯ ಮೇಲಿನ ಗೆರೆಯೂ ಅದನ್ನೇ ಹೇಳುತ್ತಿತ್ತು. ಎಷ್ಟು ಅಲೆ ಹಿಂದಿರುಗಿತು ಎಂದು ತೋರಿಸುವ ಗೆರೆ ಅದು. ನಿಧಾನದ ಅಲೆಗಳ ಕಡೆ ಮಟ್ಟಸ, ವೇಗದ ಅಲೆಗಳ ಕಡೆ ಗುಡ್ಡದ ಮೇಲೆ ಗುಡ್ಡ.

ಅಲ್ಲಿಂದ ನಾನು ಮನೆ ಮರೆತೆ. ಕನೆಕ್ಟರಿನ ಒಳಗಿನ ತಂತಿಯ ದಪ್ಪಕ್ಕೂ ಅದರ ಹೊರಗಿನ ಕೊಳವೆಯ ಅಗಲಕ್ಕೂ ಒಂದು ಹೊಂದಾಣಿಕೆ ಇದೆ, ಅದು ದಾರಿಯುದ್ದಕ್ಕೂ ತಪ್ಪಬಾರದು. ತಂತಿಯನ್ನು ನಡುಮಧ್ಯೆ ಹಿಡಿದಿಡಲು ಪ್ಲಾಸ್ಟಿಕ್ಕಿನ ಒಂದು ಮಣಿ ಬೇಕು. ಮಣಿ ಬಂದ ಕೂಡಲೇ ಹೊಂದಾಣಿಕೆ ಕೆಡುತ್ತದೆ. ಮಣಿ ಇರುವಷ್ಟು ಉದ್ದ ಮಾತ್ರ ತಂತಿಯನ್ನು ಸಣ್ಣಗೆ ಕೊರೆದೆ, ಅಲೆಗೆ ಮಣಿ ಇರುವುದೇ ತಿಳಿಯದ ಹಾಗೆ. ನನ್ನ ಲೇತು ಎಷ್ಟು ನಯವಾಗಿ ಕೊರೆಯಿತೆಂದರೆ ಬೆಳಕು ಅದರ ಮೇಲೆ ಕಾಲಿಟ್ಟು ಜಾರಿ ಬಿದ್ದಿತು. ಅಷ್ಟಾದರೂ ಗೆರೆಯಲ್ಲಿ ಒಂದು ಗುಡ್ಡ ಉಳಿಯಿತು. ಒಂದು ತುದಿಯ ಸೂಜಿ ಇನ್ನೊಂದು ತುದಿಯ ರಂಧ್ರಕ್ಕೆ ಹೋಗಿ ಕೂರುವ ಜಾಗ. ಎಷ್ಟು ಬಿಗಿದರೂ ಅಲ್ಲಿ ಒಂದು ಅಂಚು, ಅಂಚಿನಾಚೆ ಒಂದು ಸಂದು.

ಒಂದು ಭಾನುವಾರ ಊಟದ ತಟ್ಟೆ ಹಿಡಿದು ಸುಮ್ಮನೆ ದಾನಮ್ಮನ ಕೈ ನೋಡುತ್ತ ಕೂತಿದ್ದೆ. ನೂಲಿನ ಎಳೆ ಮಡಿಸಿಕೊಂಡು ಕುಣಿಕೆಯಾಗುತ್ತಿತ್ತು. ರೇಷ್ಮೆಯ ಎಳೆ ಅದರೊಳಗೆ ಹೊಕ್ಕು, ತಾನೂ ಮಡಿಸಿಕೊಂಡು ತನ್ನ ಕಡೆಗೇ ಹಿಂದಿರುಗುತ್ತಿತ್ತು. ಗಂಟಿಲ್ಲ. ನೇಯ್ದ ಮೇಲೆ ಕೈಯಾಡಿಸಿದರೆ ಮೈ ಎಲ್ಲಿ ಮುಗಿಯಿತು, ಸೆರಗು ಎಲ್ಲಿ ಶುರುವಾಯಿತು, ಬೆರಳಿಗೆ ಸಿಗುವುದಿಲ್ಲ. ನನ್ನ ಬಾಯಲ್ಲಿ ರೊಟ್ಟಿ ಹಾಗೇ ಉಳಿಯಿತು.

ಸೂಜಿ ರಂಧ್ರ ಎರಡನ್ನೂ ಬಿಸಾಕಿದೆ. ಎರಡೂ ತುದಿಗಳಿಗೆ ಬಂಗಾರದ ನೀರು ಕೊಟ್ಟ ಕೂದಲಿನಂಥ ಎಳೆಗಳ ಕುಣಿಕೆಗಳನ್ನು ಇಟ್ಟೆ. ನಟ್ಟು ತಿರುಗಿಸಿದರೆ ಕುಣಿಕೆಯೊಳಗೆ ಕುಣಿಕೆ ಹೊಕ್ಕು ಮಲಗುತ್ತಿದ್ದವು. ಅಲೆಗೆ ಎದುರಾಗಲು ಅಂಚೇ ಉಳಿಯಲಿಲ್ಲ. ಗೆರೆ, ನೋಡಿ, ಗಾಳಿ ನಿಂತ ಸಂಜೆಯ ಕೆರೆಯಾಯಿತು. ಬಾಗವಾನ ಮೇಡಂ ತಮ್ಮ ತಂಗಿಯನ್ನು ಕರೆಸಿ, ತಾವೇ ಪಕ್ಕದ ಮಂಚದ ಮೇಲೆ ಮಲಗಿದರು. ತಂಗಿ ಕಂಡದ್ದು ತೀರಿಹೋದ ತಾಯಿಯ ಕನಸು. ಎದ್ದು, ತಾಯಿಯ ಓರೆಯಾದ ಮುಂದಿನ ಹಲ್ಲನ್ನು ತಾನು ಮರೆತೇಬಿಟ್ಟಿದ್ದೆ ಎಂದರು. ನಾನು ಊರೆಲ್ಲ ಸುತ್ತಿ ಹೇಳಿಕೊಂಡು ಬಂದೆ. ಚಂದ್ರನ ಕಥೆ ಹುಟ್ಟಿದ್ದು ಆವತ್ತೇ.

ದಾನಮ್ಮನ ಕನಸಿನಲ್ಲಿ ಆಗ ಉಳಿದಿದ್ದದ್ದು ಹಸಿರು, ಕಪ್ಪು, ಬೂದು, ಬಿಳಿ. ಮರುದಿನ ಮಧ್ಯಾಹ್ನವೇ ಮಲಗಿದೆವು. ಬನಿ ನನ್ನ ಅವ್ವನ ಜೊತೆ ಹೊರಗೆ ಕಲ್ಲಿನ ಚೂರು ಆಯುತ್ತ ಕೂತಿತ್ತು. ಕಲ್ಲಿನ ಕೆಂಪು ನನ್ನ ರೆಪ್ಪೆಗಳೊಳಗೂ ಇಳಿಯಿತು. ಮಂಚ ಮೆಲ್ಲಗೆ ನೀರಿನ ಮೇಲೆ ತೇಲಿದಂತಾಯಿತು. ಕನಸು ಬಂತು. ಎಂಥ ಕನಸು. ನಮ್ಮ ಅಂಗಳದಲ್ಲಿ ಮಗ್ಗಗಳು ತಾವಾಗಿಯೇ ಆಡುತ್ತಿದ್ದವು, ಸೀರೆಗಳು ಹೊಗೆಯ ಹಾಗೆ ಮೇಲೇರುತ್ತಿದ್ದವು, ಅವುಗಳ ನಡುವಿನಿಂದ ಬನಿ ಓಡಿ ಬಂತು. ನಾನು ಎರಡೂ ಕೈ ಚಾಚಿದೆ.

ಎದ್ದಾಗ ದಾನಮ್ಮ ಆಗಲೇ ಎದ್ದು ಕೂತಿದ್ದಳು. ಮೇಡಂ ಗಾಜಿನಾಚೆಯಿಂದ ಬಂದು ಅವಳ ಪಕ್ಕ ನಿಂತರು. ಏನು ಕಂಡಿರಿ ಎಂದು ಕೇಳಿದರು. ಅವಳು ಒಂದೊಂದಾಗಿ ಹೇಳಿದಳು. ಮನೆಗೆ ಎರಡು ಮಹಡಿ ಇತ್ತಂತೆ. ಅಂಗಳ ಬಸ್ ನಿಲ್ದಾಣದಷ್ಟಿತ್ತಂತೆ.

"ಇವರು ಬಾಗಲಾ ಬಗ್ಗಿ ದಾಟಿದ್ರು ಮೇಡಂ," ಅಂದಳು. "ತಲಿ ತುಂಬ ಕೂದಲ. ನಾ ಇವರನ್ನ ಕಣ್ಣಾರೆ ನೋಡೇ ಲಗ್ನ ಆದಾಕಿ. ನನ್ನ ಕಿವಿಮಟ ಬರತಾರ ಇವರು. ಕೂದಲ ಆಗಲೇ ಇರಲಿಲ್ಲ."

ಬಾಗವಾನ ಮೇಡಂ ನಗು ತಡೆದುಕೊಳ್ಳಲು ಕಿಟಕಿಯ ಕಡೆ ತಿರುಗಿದರು. ಖಣಿಯೊಳಗೆ ಕಿಟಕಿ ಇರಲಿಲ್ಲ.

ನಾನು ಆತುರದಿಂದ ಬನಿಯ ಮಾತೆತ್ತಿದೆ. ಕಂಡಳೇ?

ಕಂಡಳು, ಅಂದಳು. ಹಸಿರು ಫ್ರಾಕಿನ ಒಂದು ಗುಂಡಿ ಬಿಳಿ ದಾರದಲ್ಲಿ ಹೊಲಿದದ್ದು ಕಂಡಿತು. ಕಾಲ್ಗೆಜ್ಜೆಯಲ್ಲಿ ಒಂದು ಮಣಿ ಬಿದ್ದುಹೋದದ್ದು ಕಂಡಿತು. ಅಷ್ಟು ಹೇಳಿ ನಿಲ್ಲಿಸಿದಳು. ಮುಖ ಎಂದೆ. ತಲೆಯಾಡಿಸಿದಳು. ಮುಖ ಮಂಜಿನ ಹಾಗೆಯೇ ಇತ್ತು.

ನಾನು ಕೂಡಲೇ ಕನೆಕ್ಟರನ್ನು ಬೈಯತೊಡಗಿದೆ. ನಟ್ಟು ಸಡಿಲಾಗಿರಬೇಕು, ಯಾರೋ ಬಂಗಾರದ ಎಳೆಯನ್ನು ಬೆರಳಿನಿಂದ ಮುಟ್ಟಿ ಎಣ್ಣೆ ಹತ್ತಿರಬೇಕು, ಕಲ್ಲಿನ ಧೂಳು ಹೊಕ್ಕಿರಬೇಕು. ಮೇಡಂ ಪರದೆಯ ಕಡೆ ಕೈ ತೋರಿಸಿದರು. ಗೆರೆ ಕೆರೆಯ ಹಾಗೆ ಮಲಗಿತ್ತು. ಒಂದು ಅಲೆಯೂ ಹಿಂದಿರುಗಿರಲಿಲ್ಲ.

"ಬೊಟ್ಟು ಕಂಡಿತು," ಅಂದಳು ದಾನಮ್ಮ.

ಮೇಡಂ ಪರದೆ ಬಿಟ್ಟು ಅವಳ ಕಡೆ ತಿರುಗಿದರು.

"ಗಲ್ಲದ ಮ್ಯಾಲಿನ ಕಾಡಿಗಿ ಬೊಟ್ಟು. ಹೋದ ಸಲ ಚೆಲ್ಲಿದಂಗ ಇತ್ತು. ಈ ಸಲ ಅಂಚು ಸುದ್ದಾ ಕಂಡಿತು. ಅತ್ತಿ ಬೆರಳಿನ ಗೆರಿ ಎದ್ದಿದ್ದವು ಅದರೊಳಗ. ಅಷ್ಟ ಸಣ್ಣದು ದಾಟಿ ಬಂತು. ಮಾರಿ ಯಾಕ ದಾಟಲಿಲ್ಲ, ನೀವ ಹೇಳ್ರಿ."

ಅಲೆಗಳ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲ ಎಂದು ಹತ್ತೂರಿನಲ್ಲಿ ಹೇಳಿಕೊಂಡವನು ನಾನು. ಬೆರಳ ಗೆರೆ ದಾಟುವ ದಾರಿಯಲ್ಲಿ ಮೂಗು ಸಿಕ್ಕಿಹಾಕಿಕೊಳ್ಳಲು ಸಾಧ್ಯವಿಲ್ಲ. ಎರಡೂ ಒಂದೇ ಜಾತಿಯ ಅಲೆ. ಹಾಗಾದರೆ ಮುಖ ತಂತಿಗೆ ಬಂದೇ ಇರಲಿಲ್ಲ. ನನ್ನ ಟೊಪ್ಪಿಗೆಯಿಂದಲೇ ಹೊರಟಿರಲಿಲ್ಲ.

"ಅಕಿ ಹುಬ್ಬಿನ ಮ್ಯಾಲ ಏನೈತಿ?" ದಾನಮ್ಮ ಕೇಳಿದಳು. ದನಿ ಏರಿರಲಿಲ್ಲ. "ಹೋದ ಕಾರ್ತೀಕದಾಗ ಮಗ್ಗದ ಕಂಬಕ್ಕ ಬಡಕೊಂಡ್ಲು. ಗೀರು ಐತಿ. ಬಲಗಡೆನೋ ಎಡಗಡೆನೋ?"

ನನಗೆ ಗೊತ್ತಿರಲಿಲ್ಲ.

ದೃಷ್ಟಿಯಾದೀತೆಂದು ನೋಡುತ್ತಿರಲಿಲ್ಲ ಎಂದೆ. ಅವ್ವ ಹೇಳಿದ್ದಳಲ್ಲ, ಹಡೆದವರ ಕಣ್ಣು. ದಾನಮ್ಮ ಕಾದಳು. ಅವಳು ಹೀಗೆ ಕಾಯುವಾಗ ಅವಳ ಬೆರಳುಗಳು ಇಲ್ಲದ ಎಳೆಗಳನ್ನು ಮಡಿಸುತ್ತಿರುತ್ತವೆ. ಕೊನೆಗೆ ನಾನು ಇದ್ದದ್ದನ್ನು ಹೇಳಿದೆ. ಹುಟ್ಟಿದ ದಿನ ಒಮ್ಮೆ ನೋಡಿದ್ದೆ. ಒಳಗೆ ನೀನು ಜ್ವರದಲ್ಲಿ ಕಣ್ಣು ಮುಚ್ಚಿ ಮಲಗಿದ್ದೆ, ಹೊರಗೆ ಬಟ್ಟೆಯಲ್ಲಿ ಸುತ್ತಿದ ಕೂಸು ಕಣ್ಣು ಬಿಟ್ಟಿತು. ನಿನ್ನವೇ ಕಣ್ಣು. ನಿನ್ನಿಂದ ತೆಗೆದು ಅಲ್ಲಿಟ್ಟ ಹಾಗೆ. ಮಾರನೆಯ ದಿನ ನಿನಗೆ ಕಾಣುವುದಿಲ್ಲ ಎಂದು ತಿಳಿಯಿತು. ಅಂದಿನಿಂದ ಮಗಳ ಕಡೆ ತಿರುಗಿದರೆ ನನ್ನ ಕಣ್ಣು ಬೊಟ್ಟಿನ ಮೇಲೆ ನಿಂತುಬಿಡುತ್ತದೆ. ಅದರಾಚೆ ಹೋಗಲು ಹೆದರಿಕೆ. ಬಟ್ಟಲು, ಮೀನು, ಗೋಡೆಯ ಮೇಲಿನ ಬೆಳಕು, ಎಲ್ಲ ಕಟ್ಟಿದ್ದು.

ಮೇಡಂ ಟೊಪ್ಪಿಗೆಗಳನ್ನು ತೆಗೆದುಕೊಂಡು ಹೊರಗೆ ಹೋದರು. ದಾನಮ್ಮ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಬನಿಯನ್ನು ಕೂಗಿದಳು. ಮುಷ್ಟಿಯ ತುಂಬ ಕೆಂಪು ಕಲ್ಲಿನ ಚೂರು ಹಿಡಿದು ಅದು ಓಡಿ ಬಂತು. ತಾಯಿ ಅದನ್ನು ನನ್ನ ಎದುರು ಮಂಚದ ಮೇಲೆ ಕೂರಿಸಿದಳು. ಸೆರಗಿನ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ, ಬೆರಳಿನಿಂದ ಕೆನ್ನೆಯನ್ನು ಹುಡುಕಿ, ಬೊಟ್ಟನ್ನು ಒರೆಸಿಬಿಟ್ಟಳು.

"ಇಲ್ಲೇ ಕುಂದರ್ರಿ," ಅಂದಳು. "ನೋಡ್ರಿ. ನೋಡಿದ್ದಷ್ಟ ಹೇಳ್ರಿ. ಹೆಚ್ಚ ಮಾಡಬ್ಯಾಡ್ರಿ."

ನಾನು ನೋಡಿದೆ. ಬಿಸಿಲು ಆಗಲೇ ಕಲ್ಲಿನ ಮೇಲೇರಿತ್ತು. ಖಣಿಯ ತಳದಲ್ಲಿ ಉಳಿದಿದ್ದ ಮೆತ್ತನೆಯ ಬೆಳಕಿನಲ್ಲಿ ಒಂದು ಮುಖ ಇತ್ತು.

"ಅಪ್ಪಾ, ಯಾಕ ಹಂಗ ನೋಡಾಕತ್ತಿ?" ಅಂತು ಬನಿ.

ಗಂಟಲಿನ ತನಕ ಬಂದಿದ್ದ ಬಟ್ಟಲು, ಮೀನು, ಬೆಳಕುಗಳನ್ನೆಲ್ಲ ನುಂಗಿಕೊಂಡೆ. "ಗೀರು ಬಲಗಡೆ ಐತಿ," ಅಂದೆ. "ಸಣ್ಣದು, ಅಕ್ಕಿ ಕಾಳಿನಂಗ. ಮೂಗು ನಂದು, ಏನೂ ಮಾಡಾಕ ಬರೂದಿಲ್ಲ. ಕಣ್ಣು ದೊಡ್ಡವೇನಲ್ಲ. ಎಡಗಣ್ಣು ಒಂಚೂರು ಸಣ್ಣದು. ನಗುವಾಗ ಅದ ಮೊದ್ಲ ಮುಚ್ಚತೈತಿ. ನಿಂದ ಹಂಗ."

ದಾನಮ್ಮ ತನ್ನ ಎಡಗಣ್ಣಿನ ಮೇಲೆ ಬೆರಳಿಟ್ಟುಕೊಂಡಳು.

ಇಲ್ಲಿಯ ತನಕ ಬಂದವರಿಗೆ ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನಾನು ಚಂದ್ರನನ್ನು ಎಲ್ಲಿಗೂ ದಾಟಿಸಿಲ್ಲ. ಅಂಗಿಯ ತೋಳಿನ ಮೇಲಿನ ಕಲೆ ಬ್ಲೀಚಿಂಗ್ ಪುಡಿಯದು. ಬಾಗಿಲುಗಳನ್ನು ನಾನು ನೆಟ್ಟಗೆ ದಾಟುತ್ತೇನೆ, ಮೇಲೆ ಇನ್ನೂ ಜಾಗ ಉಳಿಯುತ್ತದೆ. ಗೆರೆ ಕೆರೆಯಷ್ಟು ಮಟ್ಟಸವೂ ಅಲ್ಲ, ಹತ್ತಿರ ಹೋಗಿ ನೋಡಿದರೆ ಸಣ್ಣ ಅಲೆಗಳು ಇನ್ನೂ ಇವೆ. ಕುಣಿಕೆಯೊಳಗೆ ಕುಣಿಕೆ ಇಡುವುದೂ ನನ್ನ ಬುದ್ಧಿಯಲ್ಲ, ಮಗ್ಗದ ಮನೆಗಳದ್ದು.

ಕೇಂದ್ರಕ್ಕೆ ರಜೆ ಹಾಕಿ ಈ ಕೆಲವು ದಿನ ಮನೆಯಲ್ಲೇ ಇದ್ದೇನೆ. ಬನಿ ಉಣ್ಣುವಾಗ ನೋಡುತ್ತೇನೆ, ಸಿಟ್ಟು ಮಾಡುವಾಗ ನೋಡುತ್ತೇನೆ. ಅವ್ವ ಗೊಣಗುತ್ತಲೇ ಕಾಡಿಗೆಯ ಡಬ್ಬಿಯನ್ನು ಒಳಗಿಟ್ಟಿದ್ದಾಳೆ. ದಾನಮ್ಮನ ಕನಸಿನಲ್ಲಿ ಹಸಿರು ಇನ್ನೂ ಇದೆಯಂತೆ. ನಾಳೆ ಮಧ್ಯಾಹ್ನ ಮತ್ತೆ ಆ ಕೆಂಪು ಕಲ್ಲುಗಳ ನಡುವೆ ಮಲಗುತ್ತೇವೆ. ಮುಖ ದಾಟುತ್ತದೋ ಇಲ್ಲವೋ, ನಾನು ಹೇಳಲಾರೆ. ದಾಟದಿದ್ದರೆ ತಪ್ಪು ಕನೆಕ್ಟರಿನದಲ್ಲ.